ಜನರಿಲ್ಲದ ಗ್ಯಾಲರಿ, ಮಗಳ ದನಿ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗಿಬರುವ ಗಾಡಿಯಲ್ಲೇ ನನ್ನ ಸರ್ವೀಸಿನ ಮುಕ್ಕಾಲು ಪಾಲು ಕಳೆದಿದೆ. ನಮ್ಮ ಕೆಲಸಕ್ಕೆ ಗಂಟಲೇ ಬಂಡವಾಳ. ಸಂತೆಯ ದಿನ ಹಿಂದಿನ ಸೀಟಿನಿಂದ ಕೂಗಿದರೆ ಡ್ರೈವರ್‌ಗೆ ಕೇಳಿಸಬೇಕು. ನನ್ನ ಮಗಳಿಗೆ ಆ ಗಂಟಲು ಬರಲಿಲ್ಲ ಎಂದು ನಾವು ಬಹಳ ಕಾಲ ತಿಳಿದಿದ್ದೆವು. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಹೇಳಿದ್ದು ಟೀಚರಿಗೆ ಕೇಳಿಸದೆ, ಕ್ಲಾಸಿನಲ್ಲಿ ಕೂತಿದ್ದೂ ಗೈರುಹಾಜರಾದವಳು ಅವಳು.

ಇಂಥ ಹುಡುಗಿ ಹಾಕಿ ಆಡತೊಡಗಿದ್ದು ಆಕಸ್ಮಿಕ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರಿಗೆ ಗೋಲಿನ ಮುಂದೆ ನಿಲ್ಲಲು ಯಾರಾದರೂ ಬೇಕಾಗಿತ್ತು. ಬೇರೆ ಹುಡುಗಿಯರು ಚೆಂಡಿನ ಏಟಿಗೆ ಹೆದರಿ ಹಿಂದೆ ಸರಿದರು. ಇವಳು ಏನೂ ಹೇಳದೆ ಹೋಗಿ ನಿಂತಳು. ಎರಡೇ ವರ್ಷದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದಳು. ಆಮೇಲೆ ರಾಜ್ಯದ ತಂಡ, ದೂರದೂರದ ಊರುಗಳ ಟೂರ್ನಿಗಳು. ಗೆದ್ದು ಬಂದ ಕಪ್ಪುಗಳನ್ನು ನಾನು ಶೋಕೇಸಿನಲ್ಲಿ ಜೋಡಿಸಿದೆನೇ ಹೊರತು, ಅವಳು ಆಡಿದ್ದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಭಾನುವಾರ ಬಂತೆಂದರೆ ನನಗೆ ಡ್ಯೂಟಿ ಹೆಚ್ಚು.

ಒಂದು ಮಧ್ಯಾಹ್ನ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಹೊರಡಲು ಹತ್ತು ನಿಮಿಷವಿತ್ತು. ಫೋನ್ ಬಂತು. ಅವಳ ಕೋಚ್ ಮೇಡಂ. ಮಗಳು ಆಗ ಉತ್ತರದ ಯಾವುದೋ ನಗರದಲ್ಲಿ ಆಡಲು ಹೋಗಿದ್ದಳು. “ಸರ್, ನಿಮ್ಮ ಮಗಳಿಗೆ” ಎಂಬಷ್ಟು ಕೇಳಿಸಿತು. ಅಷ್ಟರಲ್ಲಿ ಆ ಕಡೆ ಸಾವಿರಾರು ಜನ ಒಟ್ಟಿಗೆ ಹೋ ಎಂದು ಕೂಗಿಕೊಂಡರು. ಯಾರೋ ಗೋಲು ಹೊಡೆದಿರಬೇಕು. ಆ ಗದ್ದಲದಲ್ಲಿ ಮೇಡಂ ಏನೋ ಹೇಳುತ್ತಲೇ ಇದ್ದರು. ಒಂದು ಪದವೂ ನನಗೆ ಮುಟ್ಟಲಿಲ್ಲ. ಲೈನ್ ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ಗಾಡಿ ಹೊರಟಿತು. ನಾನು ಟಿಕೆಟ್ ಕೊಟ್ಟೆ, ನಿಲ್ಲಿಸುವಲ್ಲಿ ಸೀಟಿ ಊದಿದೆ, ಇಳಿಯುವವರನ್ನು ಇಳಿಸಿದೆ. ಕೈ ತನ್ನ ಕೆಲಸ ಮಾಡುತ್ತಿತ್ತು. ಕಿವಿಯಲ್ಲಿ ಮಾತ್ರ ಆ ಜನರ ಕೂಗು. ನನ್ನ ಮಗಳಿಗೆ ಏನೋ ಆಗಿರುವಾಗ ಇಷ್ಟೊಂದು ಜನ ಖುಷಿಪಡುತ್ತಿದ್ದಾರಲ್ಲ ಎಂದು ಅನ್ನಿಸಿತು. ಅದು ನ್ಯಾಯವಲ್ಲ, ಅವರಿಗೇನು ಗೊತ್ತು. ಆದರೂ ಹಾಗೇ ಅನ್ನಿಸಿತು. ಹಳೇಬೀಡು ಮುಟ್ಟುವ ಹೊತ್ತಿಗೆ ಮತ್ತೆ ಫೋನ್ ಬಂತು. ಎದುರು ತಂಡದವಳೊಬ್ಬಳು ಓಡಿಬಂದ ರಭಸಕ್ಕೆ ಅವಳ ಮೊಣಕಾಲು ಮಗಳ ತಲೆಗೆ ಬಡಿದಿತ್ತು. ಹೆಲ್ಮೆಟ್ ಇದ್ದೂ ಪ್ರಜ್ಞೆ ತಪ್ಪಿತ್ತು. ಈಗ ಎಚ್ಚರಾಗಿದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ ಎಂದರು. ನಾನು ಬಸ್ಸಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಡ್ರೈವರ್ ಇಳಿದು ಬಂದು ನೀರು ಕೊಟ್ಟರು.

ಅವಳು ಮನೆಗೆ ಬಂದಮೇಲೆ ಹಾಸನದ ಡಾಕ್ಟರಿಗೆ ತೋರಿಸಿದೆವು. ಒಳಗೆ ರಕ್ತಸ್ರಾವವಿಲ್ಲ, ಮೆದುಳು ಅಲುಗಾಡಿದೆ, ಪೂರ್ತಿ ವಿಶ್ರಾಂತಿ ಬೇಕು ಎಂದರು. ಬೆಳಕು ಕಂಡರೆ ತಲೆನೋವೆಂದು ಕಿಟಕಿಗೆಲ್ಲ ಹಳೆಯ ಸೀರೆ ಕಟ್ಟಿದೆವು. ಮೊದಲೇ ಮಾತು ಕಡಿಮೆ, ಈಗ ಅದೂ ನಿಂತಂತಾಯಿತು. ನನ್ನ ಹೆಂಡತಿ ಒಂದೇ ಸಲ ಹೇಳಿದಳು, ಇನ್ನು ಆಟ ಸಾಕು ಅಂತ. ಮಗಳು ಎದುರಾಡಲಿಲ್ಲ. ಆದರೆ ಮೂರು ತಿಂಗಳ ಮೇಲೆ ಒಂದು ಬೆಳಗ್ಗೆ ಕಾಂಪೌಂಡಿನ ಗೋಡೆಗೆ ಟೆನಿಸ್ ಚೆಂಡು ಬಡಿಯುವ ಸದ್ದು ಕೇಳಿಸಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಯಾರೂ ಎದ್ದುಹೋಗಿ ತಡೆಯಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಲಾಕ್‌ಡೌನ್. ಗಾಡಿಗಳೆಲ್ಲ ಡಿಪೋದಲ್ಲಿ ಸಾಲಾಗಿ ನಿಂತವು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತು ಅಭ್ಯಾಸವಿಲ್ಲದ ನಾನು ಟೀವಿಯ ಮುಂದೆ ಕೂರತೊಡಗಿದೆ. ನನಗೊಂದು ಕಾಯಿಲೆ ಅಂಟಿಕೊಂಡಿದ್ದು ಗೊತ್ತಾದದ್ದು ಆಗಲೇ. ಹಳೆಯ ಪಂದ್ಯ ಯಾವುದನ್ನು ಹಾಕಲಿ, ಜನ ಕೂಗಿದ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ದನಿ ನಿಲ್ಲಿಸಿ ಬರೀ ಚಿತ್ರ ನೋಡುತ್ತಿದ್ದೆ. ಮನೆಯವರಿಗೆ ಕಾರಣ ಹೇಳಲಿಲ್ಲ, ಮಗಳು ಮಲಗಿದ್ದಾಳೆ ಎಂದು ನೆಪ ಹೇಳಿದೆ.

ಕೆಲವು ತಿಂಗಳ ಮೇಲೆ ಹೊರದೇಶಗಳಲ್ಲಿ ಆಟ ಮತ್ತೆ ಶುರುವಾಯಿತು, ಪ್ರೇಕ್ಷಕರಿಲ್ಲದೆ. ಖಾಲಿ ಕುರ್ಚಿಗಳ ಮುಂದೆ ಆಡುವವರನ್ನು ಕಂಡು ನನ್ನ ಜೊತೆ ಕೆಲಸ ಮಾಡುವ ಡ್ರೈವರ್, “ಇದ್ಯಾವ ಆಟ ಮಾರಾಯ, ಉಪ್ಪಿಲ್ಲದ ಸಾರು ಉಂಡಂಗೈತೆ” ಎಂದರು. ನನಗೆ ಮಾತ್ರ ಹಾಗನ್ನಿಸಲಿಲ್ಲ. ಬ್ಯಾಟಿಗೆ ಚೆಂಡು ತಾಗುವ ಸದ್ದು, ಓಡುವವರ ಏದುಸಿರು, ಒಬ್ಬರನ್ನೊಬ್ಬರು ಕರೆಯುವುದು, ಎಲ್ಲೋ ಒಂದು ಹಕ್ಕಿ. ಕೆಲವು ಚಾನೆಲ್‌ಗಳು ಸುಳ್ಳು ಚಪ್ಪಾಳೆ ಸೇರಿಸುತ್ತಿದ್ದವು, ಅವನ್ನು ಬದಲಿಸುತ್ತಿದ್ದೆ. ಬಹಳ ದಿನದ ಮೇಲೆ ದನಿ ಇಟ್ಟುಕೊಂಡು ಒಂದು ಪಂದ್ಯವನ್ನು ಕಡೆಯವರೆಗೆ ನೋಡಿದಾಗ, ಜ್ವರ ಬಿಟ್ಟಮೇಲೆ ಮೊದಲ ಸಲ ಹಸಿವಾದಂತೆ ಅನಿಸಿತು.

ಅಷ್ಟರಲ್ಲಿ ಬೇರೆ ಬೇರೆ ರಾಜ್ಯದ ಹುಡುಗಿಯರನ್ನು ಸೇರಿಸಿ ನಡೆಸುವ ಹಾಕಿ ಕ್ಯಾಂಪಿನಿಂದ ಮಗಳಿಗೆ ಕರೆ ಬಂತು. ತಂದೆತಾಯಿ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕಿತ್ತು. ಪತ್ರ ಎರಡು ದಿನ ಟೀವಿಯ ಮೇಲೆ ಬಿದ್ದಿತ್ತು. ನಾನು ಸಹಿ ಮಾಡಿದ್ದೆ. ಹೆಂಡತಿ ಅದರತ್ತ ನೋಡಿರಲಿಲ್ಲ. ಮೂರನೆಯ ಬೆಳಗ್ಗೆ ಹಾಲು ಕಾಯಿಸಿ ಬಂದು, ಕೈ ಒರೆಸಿಕೊಂಡು, ನಿಂತುಕೊಂಡೇ ಸಹಿ ಹಾಕಿದಳು. “ಹೋಗ್ತೀನಿ ಅಂತ ಅವಳ ಕಣ್ಣೇ ಹೇಳ್ತೈತೆ. ನಾನು ಬ್ಯಾಡ ಅಂದ್ರೆ ಮನೇಲಿ ಇರ್ತಾಳೆ, ಆದ್ರೆ ಇದ್ದಂಗೆ ಇರಲ್ಲ” ಎಂದಳು.

ಕ್ಯಾಂಪ್ ಮುಗಿದು ಅವಳು ಆಡುವ ಮೊದಲ ಪಂದ್ಯದ ದಿನ ನನಗೆ ವಾರದ ರಜೆ. ಕೇಬಲ್‌ನವರಿಗೆ ಹೇಳಿ ಆ ಚಾನೆಲ್ ಹಾಕಿಸಿದ್ದೆ. ಹೆಂಡತಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿಟ್ಟು ಅಡುಗೆಮನೆ ಸೇರಿಕೊಂಡಳು. ತಾನು ನೋಡುವುದಿಲ್ಲ, ಆದಮೇಲೆ ಹೇಳಿದರೆ ಸಾಕು ಎಂದಿದ್ದಳು.

ನೀಲಿ ಮೈದಾನ, ಸುತ್ತ ಖಾಲಿ ಗ್ಯಾಲರಿ. ಪ್ಯಾಡು, ಹೆಲ್ಮೆಟ್ಟು ತೊಟ್ಟು ಗೋಲಿನ ಮುಂದೆ ನಿಂತವಳು ನನ್ನ ಮಗಳೆಂದು ನಂಬಲು ಬೆನ್ನ ಮೇಲಿನ ನಂಬರ್ ನೋಡಬೇಕಾಯಿತು. ಆಟ ಶುರುವಾದ ಒಂದೆರಡು ನಿಮಿಷಕ್ಕೆ ಟೀವಿಯಿಂದ ಒಂದು ದನಿ ಬಂತು. ಎಡಕ್ಕೆ, ಮುಂದಕ್ಕೆ, ಅವಳನ್ನು ಬಿಡಬೇಡಿ ಎಂದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಬಿಡುವಿಲ್ಲದೆ ಕೂಗುವ ದನಿ. ಕಾಮೆಂಟರಿಯನ್ನೂ ಮೀರಿ ಕೇಳಿಸುತ್ತಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು.

“ಯಾರ್ರೀ ಅದು, ಹಂಗೆ ಕೂಗ್ತಾ ಇರೋದು?”

“ನಿನ್ನ ಮಗಳು ಕಣೇ.”

ಅವಳು ನಂಬಲಿಲ್ಲ. ನಮ್ಮ ಮಗು ಜೋರಾಗಿ ನಕ್ಕಿದ್ದೂ ಇಲ್ಲ ಎಂದಳು. ಅದೇ ಹೊತ್ತಿಗೆ ಎದುರು ತಂಡದವಳೊಬ್ಬಳು ಚೆಂಡು ತೆಗೆದುಕೊಂಡು ಒಳಗೆ ನುಗ್ಗಿದಳು. ತಡೆಯಬೇಕಾದ ನಮ್ಮ ತಂಡದವಳು ಕನ್ನಡದ ಹುಡುಗಿ ಇರಬೇಕು. ಗೋಲಿನ ಕಡೆಯಿಂದ ಅಚ್ಚ ನಮ್ಮೂರ ಕಡೆಯ ಮಾತು ಕೇಳಿಸಿತು: “ಬಿಡಬ್ಯಾಡ ಕಣೇ, ಅಡ್ಡ ನಿಂತ್ಕೋ, ನಾನಿದೀನಿ.” ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೂತಳು. ಕಡೆಯವರೆಗೆ ಮೇಲೇಳಲಿಲ್ಲ.

ಎರಡೂ ಕಡೆ ಒಂದೊಂದು ಗೋಲಾಗಿತ್ತು. ಮೂರನೆಯ ಕ್ವಾರ್ಟರ್‌ನಲ್ಲಿ ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲಿಗೆ ನೇರವಾಗಿ, ಪೂರ್ತಿ ಜೋರಿನಲ್ಲಿ ಹೊಡೆಯುವ ಅವಕಾಶವದು. ಹೊಡೆದ ಚೆಂಡು ಎದ್ದು ಬಂದು ಮಗಳ ಹೆಲ್ಮೆಟ್ಟಿನ ಮುಂಭಾಗಕ್ಕೆ ಬಡಿಯಿತು. ಆ ಸದ್ದು ನಮ್ಮ ಹಾಲಿನಲ್ಲೇ ಆದಂತಿತ್ತು. ಅವಳು ಹಿಂದಕ್ಕೆ ಬಿದ್ದಳು.

ಕಾಮೆಂಟರಿ ಹೇಳುವವರೂ ಸುಮ್ಮನಾದರು. ಇಡೀ ಮೈದಾನದಲ್ಲಿ ಒಂದು ಉಸಿರಿಲ್ಲ. ಹೆಂಡತಿ ನನ್ನ ತೋಳು ಹಿಡಿದಿದ್ದಳು. ಉಗುರು ಒಳಗಿಳಿದದ್ದು ಗೊತ್ತಾದದ್ದು ಆಮೇಲೆ. ಕ್ಯಾಮೆರಾ ದೂರದಲ್ಲಿತ್ತು. ಸುತ್ತ ನೆರೆದ ಹುಡುಗಿಯರ ಕಾಲುಗಳ ಹೊರತು ಏನೂ ಕಾಣದು. ಬೇಲೂರಿನಲ್ಲಿ ನಿಂತಿದ್ದಂತೆಯೇ ನಾನು ಕಿವಿಗೊಟ್ಟು ಕೂತಿದ್ದೆ. ಆಮೇಲೆ ಆ ಕಾಲುಗಳ ನಡುವಿನಿಂದ ಅವಳ ದನಿ ಬಂತು, ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಲ್ಲೇ.

“ಏನೂ ಆಗಿಲ್ಲ. ಎಲ್ಲಾ ಯಾಕ್ರೇ ಇಲ್ಲಿ ನಿಂತಿದೀರಾ, ನಿಮ್ಮ ನಿಮ್ಮ ಜಾಗಕ್ಕೆ ಹೋಗಿ.”

ಹಿಂದೆಯೇ ಅದನ್ನೇ ಹಿಂದಿಯಲ್ಲಿ ಹೇಳಿದಳು. ಡಾಕ್ಟರ್ ಓಡಿಬಂದು ಹೆಲ್ಮೆಟ್ ತೆಗೆಸಿ, ಬೆರಳು ತೋರಿಸಿ, ಪ್ರಶ್ನೆ ಕೇಳಿ, ಬಹಳ ಹೊತ್ತು ಪರೀಕ್ಷೆ ಮಾಡಿದರು. ಅವಳ ಒಂದೊಂದು ಉತ್ತರವೂ ನಮಗೆ ಕೇಳಿಸಿತು. ಊರು ಯಾವುದೆಂದು ಕೇಳಿದ್ದಕ್ಕೆ ಅರಸೀಕೆರೆ ಎಂದಳು. ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದ ಹೆಂಡತಿ ಆ ಮಾತಿಗೆ ಅತ್ತಳು, ಅಳುತ್ತಲೇ ನಕ್ಕಳು. ನನ್ನ ಎದೆಯ ಮೇಲೆ ಒಂದು ವರ್ಷದಿಂದ ಕೂತಿದ್ದ ಯಾರೋ ಎದ್ದುಹೋದಂತಾಯಿತು.

ಅವಳ ತಂಡ ಒಂದು ಗೋಲಿನಿಂದ ಸೋತಿತು. ನಮಗೆ ಅದು ನೆನಪಾದದ್ದು ಸಂಜೆ ಅವಳು ಫೋನ್ ಮಾಡಿ ಬೇಸರಪಟ್ಟುಕೊಂಡಾಗ. ತಲೆ ನೋವಿದೆಯಾ, ಕಣ್ಣು ಮಂಜಾಗಿದೆಯಾ, ಊಟ ಮಾಡಿದೆಯಾ ಎಂದೆಲ್ಲ ಕೇಳಿ ಮುಗಿದಮೇಲೆ ಹೆಂಡತಿ, ಅಷ್ಟು ಜೋರಾಗಿ ಕೂಗುವುದನ್ನು ಯಾವಾಗ ಕಲಿತೆ ಎಂದಳು.

“ಮೊದಲಿಂದಾನೂ ಕೂಗ್ತಿದ್ದೆ ಅಮ್ಮ. ಜನ ಇದ್ದಾಗ ಯಾರಿಗೂ ಕೇಳ್ತಿರಲಿಲ್ಲ, ಅಷ್ಟೇ” ಎಂದಳು. ಆಮೇಲೆ, “ಪೆಟ್ಟು ಬಿತ್ತಲ್ಲ, ಆವತ್ತೂ ಕೂಗಿದ್ದೆ. ಬಾಲ್ ನಂದು, ನೀನು ಬರಬೇಡ, ಆ ಕಡೆಯವಳನ್ನ ತಡಿ ಅಂತ. ನಮ್ಮವಳಿಗೆ ಕೇಳಿಸ್ಲೇ ಇಲ್ಲ” ಎಂದಳು.

ಆ ಏಟಿನ ಬಗ್ಗೆ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ಆವತ್ತು ಜನರ ಗದ್ದಲ ನುಂಗಿದ್ದು ಕೋಚ್ ಮೇಡಂ ಮಾತನ್ನಷ್ಟೇ ಅಲ್ಲ ಎಂದು ನನಗೆ ಆಗ ತಿಳಿಯಿತು. ನನ್ನ ಕಾಯಿಲೆಯ ವಿಷಯ ಅವಳಿಗೆ ಹೇಳಿದೆ. ಟೀವಿಯ ದನಿ ನಿಲ್ಲಿಸುತ್ತಿದ್ದುದು ನೀನು ಮಲಗಿದ್ದೀಯ ಅಂತ ಅಲ್ಲ ಎಂದೆ. ಅವಳು ತನಗದು ಗೊತ್ತಿತ್ತು ಎಂದಳು.

ಟೂರ್ನಿ ಮುಗಿಸಿ, ಟೆಸ್ಟು, ಸ್ಕ್ಯಾನು ಎಲ್ಲ ಸರಿಯಾಗಿದೆ ಎಂಬ ಕಾಗದ ಹಿಡಿದುಕೊಂಡು ಹತ್ತು ದಿನದ ರಜೆಗೆ ಬಂದಳು. ಆ ಹೊತ್ತಿಗೆ ಗಾಡಿಗಳು ಎಂದಿನಂತೆ ಓಡಾಡುತ್ತಿದ್ದವು. ಒಂದು ಬೆಳಗ್ಗೆ ತಾಯಿ, ಮಗಳು ಇಬ್ಬರೂ ನನ್ನ ಗಾಡಿಯಲ್ಲೇ ಹಳೇಬೀಡಿಗೆ ಬಂದು, ಅಲ್ಲಿಂದ ಬಸ್ತಿಹಳ್ಳಿಯ ಅಜ್ಜಿ ಮನೆಗೆ ನಡೆದರು. ಬೇಲೂರಿನಿಂದ ಮಧ್ಯಾಹ್ನ ಹಿಂದಿರುಗುವಾಗ ಇಬ್ಬರೂ ಹಳೇಬೀಡಿನಲ್ಲಿ ಕಾಯುತ್ತಿದ್ದರು. ಅಜ್ಜಿ ತಲೆಯನ್ನೆಲ್ಲ ತಡವಿ ನೋಡಿ, ಟೋಪಿ ಗಟ್ಟಿಯಾಗಿದೆಯೇ ಎಂದು ಮೂರು ಸಲ ಕೇಳಿ, ಹಂಗಾದ್ರೆ ಆಡ್ಲಿ ಬಿಡು ಎಂದರಂತೆ. ಹೆಂಡತಿ ಅದನ್ನು ಕಿಟಕಿಯ ಪಕ್ಕ ಕೂತು ನನಗೆ ಹೇಳಿದಳು. ಜಾವಗಲ್ ಬರುವಷ್ಟರಲ್ಲಿ ಮಗಳು ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಆವತ್ತು ಜನ ಕಡಿಮೆಯಿತ್ತು. ನಾನು ಸೀಟಿ ಊದದೆ, ಗಾಡಿಯ ಮೈ ಮೆಲ್ಲಗೆ ತಟ್ಟಿ, “ಹೋಗಿ” ಎಂದು ಡ್ರೈವರ್‌ಗೆ ತಿಳಿಸಿದೆ.