ಎಣ್ಣೆಗೆ ಸಿಕ್ಕ ದಾರಿ

ಗಂಗವ್ವಾ, ಆ ವರ್ಷ ಎಳ್ಳಮವಾಸ್ಯೆಗೆ ಊರಿಗೆ ಬರಲು ನನಗೆ ದಾರಿ ಇತ್ತು. ಇಲ್ಲವೆಂದು ನಿನಗೆ ಸುಳ್ಳು ಹೇಳಿದೆ.

ಯುದ್ಧ ನಡೆದದ್ದು ಖರೆ. ಕೊಲ್ಲಿಯ ಬಾಯಲ್ಲಿದ್ದ ಜಲಸಂಧಿ ಮುಚ್ಚಿ, ತೈಲದ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ನಾವಿದ್ದಲ್ಲಿ ವಿಮಾನವೂ ಹಾರುತ್ತಿರಲಿಲ್ಲ. ಆದರೆ ಕಂಪನಿಯವರು ಬಸ್ಸು ಬಿಟ್ಟರು — ಮರುಭೂಮಿ ದಾಟಿ ಪಕ್ಕದ ದೇಶಕ್ಕೆ, ಅಲ್ಲಿಂದ ವಿಮಾನ. ಬೇಕಾದವರು ಹೋಗಬಹುದಿತ್ತು. ನನ್ನ ಜೊತೆಗಿದ್ದ ಮುಂಡರಗಿಯ ಹನುಮಂತ ಹೊರಟ.

"ಬಾರಲೇ, ನಿಮ್ಮ ಹೊಲದಾಗ ಚರಗಾ ಚೆಲ್ಲಾಕ ಯಾರದಾರ?"

"ಈ ಬಸ್ಸಿನ ಸುದ್ದಿ ನಮ್ಮೂರ ಶಿಗ್ಲಿಗೆ ಮುಟ್ಟಬಾರ್ದು ನೋಡು," ಅಂದೆ.

ಯಾಕೆ ಉಳಿದೆ? ಜಲಸಂಧಿಯನ್ನು ತಪ್ಪಿಸಿ, ನೆಲದ ಮೇಲೆಯೇ ಆಚೆಯ ಬಂದರಿಗೆ ತೈಲ ಒಯ್ಯುವ ಪೈಪು ಹಾಕುತ್ತಿದ್ದೆವು. ಉಳಿದರೆ ವೆಲ್ಡರುಗಳಿಗೆಲ್ಲ ನಿನ್ನನ್ನೇ ಫೋರ್‌ಮನ್ ಮಾಡುತ್ತೇವೆ ಅಂದರು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು — ಆ ಒಂದು ಮಾತು ನನ್ನನ್ನು... ಎಣ್ಣೆಗೆ ಬಳಸುದಾರಿ ಬೆಸೆಯುತ್ತ ಕೂತು, ನನಗೆ ದಾರಿಯಿಲ್ಲ ಅಂದೆ.

ನೀನು ನಂಬಿದೆ. ಟಿವಿ ನೋಡಿ ದಿನಾ ನೀನೇ ಕೇಳುತ್ತಿದ್ದೆ: "ಆ ಸಂದಿ ತೆರೀತೇನ್ರಿ? ಅದು ಬಂದ್ ಆಗಿ ನಮ್ಮನ್ಯಾಗ ಸಿಲಿಂಡರೂ ಇಲ್ಲ, ನೀವೂ ಇಲ್ಲ." ನಗುತ್ತಿದ್ದೆ ನೀನು. ಕಟ್ಟಿಗೆಯ ಹೊಗೆಗೆ ಕೆಮ್ಮುವುದೂ ಕೇಳುತ್ತಿತ್ತು.

ಅಮವಾಸ್ಯೆಯ ದಿನ ಹೊಲದಿಂದಲೇ ನಿನ್ನ ಫೋನು ಬಂತು. ಪ್ರತಿ ವರ್ಷ ಹೊಲಕ್ಕೆ ಉಣಿಸುವಾಗ ನಾನು ಕೂಗುತ್ತ ಬುಟ್ಟಿಯಲ್ಲಿನ ಹಬ್ಬದಡುಗೆಯ ಚರಗ ಚೆಲ್ಲುವವನು, ನೀನು ಹಿಂದೆ ನೀರು ಚಿಮುಕಿಸುತ್ತ ಓಗೊಡುವವಳು.

"ಅಲ್ಲಿಂದನ ಕೂಗ್ರಿ. ಭೂಮ್ತಾಯಿಗೆ ಕೇಳಸ್ತೈತಿ."

ಪೈಪುಗಳ ನಡುವೆ ನಿಂತು ಚರಗದ ಕೂಗು ಕೂಗಿದೆ — "ಹುಲ್ಲುಲ್ಲಿಗ್ಯೋ!" ಜೊತೆಯವರು ನಕ್ಕರು. ಆಚೆಯಿಂದ ನಿನ್ನ ದನಿ — "ಸುರಾಂಬ್ಲಿಗ್ಯೋ!" ಅದರ ಹಿಂದೆ ಬಿಳಿಜೋಳದ ಎಲೆಗಳ ಸರಸರ. ಆಮೇಲೆ, ಮೆಲ್ಲಗೆ, "ಬರೋ ವರ್ಷ ನೀವ ಬರ್ರಿ."

ಬಂದೆ. ಫೋರ್‌ಮನ್ ಅನ್ನಿಸಿಕೊಂಡು, ಪೈಪಿನಲ್ಲಿ ಎಣ್ಣೆ ಹರಿಸಿ ಬಂದೆ. ಅಂದಿನಿಂದ ಪ್ರತಿ ಎಳ್ಳಮವಾಸ್ಯೆಗೂ ಬುಟ್ಟಿ ಹಿಡಿದು ನಿನ್ನ ಮುಂದೆ ನಡೆದಿದ್ದೇನೆ. ಆದರೂ ನನ್ನ ಜೀವ ಹಂಬಲಿಸುವುದು ಫೋನಿನೊಳಗಿನ ಆ ದನಿಗೆ — ಒಬ್ಬಳೇ ನಿಂತು, ನಂಬಿ, ಓಗೊಟ್ಟ ದನಿಗೆ. ಅದರ ಪಕ್ಕದಲ್ಲಿ ನಾನು ಇರಬಹುದಿತ್ತು... ಎಷ್ಟು ಚರಗ ಚೆಲ್ಲಿದರೂ ಆ ಹೊಲಕ್ಕೆ, ಆ ದಿನಕ್ಕೆ, ನಾನಿನ್ನೂ ಬಂದು ಮುಟ್ಟಿಲ್ಲ.

ಈ ಸಲ ಹೊಲದಲ್ಲಿ, ಕೂಗುವ ಮೊದಲು, ಬರೆದಿಟ್ಟ ಈ ಕಾಗದವನ್ನು ನಿನಗೆ ಓದಿ ಹೇಳುತ್ತೇನೆ. ಆಮೇಲೆ ಕೂಗುತ್ತೇನೆ. ಓಗೊಡುವುದು, ಬಿಡುವುದು ನಿನ್ನದು.