ಏಕಾದಶಿಯ ಅಂಕಗಳು

ಮೊನ್ನೆ ದ್ವಾದಶಿ ಬೆಳಿಗ್ಗೆ ಸೊಸೆ ಅಗಸೆ ಸೊಪ್ಪಿನ ಪಲ್ಯ ಬಡಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತುತ್ತು ಕೈಯಲ್ಲೇ ಉಳಿಯಿತು. ಪುಣೆಯ ಸದಾಶಿವ ಪೇಠೆಯ ಆ ಹಳೇ ವಾಡೆ ಮನೆ, ಆ ಪ್ರೊಫೆಸರರು...

ಸ್ವಾತಂತ್ರ್ಯಕ್ಕೆ ಮೊದಲಿನ ಮಾತು. ಧಾರವಾಡದ ಕಡೆಯ ಅವರು ಪುಣೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ಆಗಷ್ಟೇ ಬಿ.ಎ. ಮುಗಿಸಿದ್ದ ನಾನು ಅವರ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ವಿಶ್ವವಿದ್ಯಾಲಯದ ಉತ್ತರಪತ್ರಿಕೆಗಳು ಬಂದಾಗ ಅವರು ಓದಿ ಅಂಕ ಹೇಳುವರು, ನಾನು ಬೇರೆ ಹಾಳೆಯಲ್ಲಿ ನಂಬರಿನ ಎದುರು ಬರೆಯುವೆ. ಪತ್ರಿಕೆಯ ಮೇಲೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ.

"ಎರಡು ಪುಟ ಓದಿದ್ರ ಸಾಕು, ಹುಡುಗನ ಜಾತಕನ ಗೊತ್ತಾಗ್ತದ. ಮೂವತ್ತು ವರ್ಷದಾಗ ನನ್ನ ಕೈ ತಪ್ಪಿಲ್ಲ," ಎನ್ನುವರು. ನಾನೂ ನಂಬಿದ್ದೆ. ನನ್ನ ಅಣ್ಣ ಅವರ ವಿಷಯದಲ್ಲೇ ನಾಲ್ಕು ಅಂಕಕ್ಕೆ ನಪಾಸಾಗಿ, ಓದು ಬಿಟ್ಟು ಪುಣೆ ಹತ್ತಿರದ ಸಾಸವಡದಲ್ಲಿ ಬಟ್ಟೆ ಅಂಗಡಿ ಸೇರಿದ್ದ. ಆ ವರ್ಷದ ಪರೀಕ್ಷಕರೂ ಇವರೇ. ಪಾಪ, ಅಣ್ಣ ದಡ್ಡ ಎಂದುಕೊಂಡಿದ್ದೆ.

ಏಕಾದಶಿಯಂದು ಅವರದು ನೀರೂ ಮುಟ್ಟದ ಉಪವಾಸ. ಹೊತ್ತು ಹೋಗಲೆಂದು ಅಂದೇ ಹೆಚ್ಚು ಪತ್ರಿಕೆ ನೋಡುವರು. ಒಂದು ಸಲ, ಹಾಗೆ ನೋಡಿದ್ದ ಪತ್ರಿಕೆಯೊಂದು ನನ್ನ ಅಲಕ್ಷ್ಯದಿಂದ ಮರುದಿನದ ಕಟ್ಟಿಗೆ ಸೇರಿಬಿಟ್ಟಿತು. ದ್ವಾದಶಿಯ ಊಟ ಮುಗಿಸಿ, ಅಗಸೆ ಪಲ್ಯದ ತೇಗು ತೇಗುತ್ತ ಬಂದು ಕೂತವರು ಅದನ್ನೇ ಮತ್ತೆ ಓದಿದರು.

"ಭಾಳ ಶಾಣ್ಯಾ ಇದ್ದಾನ. ನಲವತ್ತೆಂಟು ಬರಿ."

ಬರೆಯಹೋದೆ. ಆ ನಂಬರಿನ ಎದುರು ಆಗಲೇ ಇಪ್ಪತ್ತೊಂಬತ್ತು ಇತ್ತು. ಮೂವತ್ತೈದು ಬಂದರೆ ಪಾಸು!

ಹಾಳೆ ತೋರಿಸಿದೆ. ಅವರು ಹಿಂದಿನ ದಿನದ ಹನ್ನೆರಡೂ ಪತ್ರಿಕೆಗಳನ್ನು ಮತ್ತೆ ನೋಡಿದರು. ಒಂಬತ್ತರ ಅಂಕ ಏರಿತು. ನಪಾಸಾಗಿದ್ದ ಐವರು ಪಾಸಾದರು.

"ಮೂವತ್ತು ವರ್ಷದ ಏಕಾದಶಿ, ಹಸಿದ ಹೊಟ್ಟಿ..." ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು, "ನಿಮ್ಮಣ್ಣ ಪರೀಕ್ಷಾಕ್ಕ ಕೂತಿದ್ದು ಯಾವ ವರ್ಷ?"

ಹೇಳಿದೆ. ಗೋಡೆಯ ಪಂಚಾಂಗದತ್ತ ಕೈ ಚಾಚಿ ಹಿಂದೆಗೆದರು. ಯಾವ ಪತ್ರಿಕೆಯನ್ನು ಯಾವ ದಿನ ನೋಡಿದ್ದೆಂದು ಅದರಿಂದ ತಿಳಿಯುವಂತಿರಲಿಲ್ಲ.

ಆ ವರ್ಷವೇ ಪರೀಕ್ಷಕರ ಕೆಲಸ ಬಿಟ್ಟರು. ಆಮೇಲೆ ಬಹಳ ದಿನ ಬದುಕಲಿಲ್ಲ. ಅಣ್ಣನೂ ಹೋದ ವರ್ಷ ತೀರಿಕೊಂಡ. ಮೊಮ್ಮಕ್ಕಳು ಪುಸ್ತಕ ಹಿಡಿದು ಬಂದರೆ, "ನಾ ದಡ್ಡ, ನಮ್ಮ ತಮ್ಮನ್ನ ಕೇಳ್ರಿ," ಎಂದು ಕೊನೆತನಕ ನಗುತ್ತಿದ್ದ. ನಾನು ಪಕ್ಕದಲ್ಲೇ ಕೂತು ಸುಮ್ಮನಿರುತ್ತಿದ್ದೆ. ಖಾತ್ರಿಯಿಲ್ಲದ್ದನ್ನು ಹೇಗೆ ಹೇಳಲಿ...

"ಉಪ್ಪು ಕಡಿಮಿ ಆತೇನ್ರಿ ಮಾಮಾ?" ಸೊಸೆ ಕೇಳಿದಳು.

"ಇಲ್ಲವ್ವಾ," ಅಂದೆ. "ನಮ್ಮಣ್ಣ ದಡ್ಡ ಇರಲಿಲ್ಲ."