ಮುಖ ನೋಡಲು ಕಲಿತದ್ದು

ನರ್ಸಿಂಗ್ ಮುಗಿಸಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಹೆರಿಗೆ ವಾರ್ಡು ಸಿಗಲಿ ಎಂದು ಹರಕೆ ಹೊತ್ತುಕೊಂಡಿದ್ದ ನನ್ನನ್ನು ಚರ್ಮದ ವಿಭಾಗದ ತರಬೇತಿಗೆ ಹಾಕಿದರು. ಕುರುಗೋಡಿಗೆ ಹೋಗಿ ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಮಂದಿ ಕಜ್ಜಿ ತೊಳಿಯಾಕ ಇಷ್ಟು ಓದಿದ್ಯೇನವ್ವಾ?” ಅಂದಳು. ಅಪ್ಪ ಸಾಲಿ ಮಾಸ್ತರು. ಮರುದಿನ ಬಸ್ಸು ಹತ್ತಿಸುವಾಗ ಅವರು, “ಯಾವುದಾದರೂ ಆಗಲಿ, ಮನಸಿಟ್ಟು ಮಾಡು” ಅಂದರು.

ನಮಗೆ ಕಲಿಸುತ್ತಿದ್ದ ಹಿರಿಯ ಸಿಸ್ಟರ್ ಮಂಗಳೂರು ಕಡೆಯವರು. ಮದುವೆಯಾಗಿರಲಿಲ್ಲ, ಕಂಟೋನ್ಮೆಂಟಿನಲ್ಲಿ ಒಂದು ಹಳೆಯ ಹೆಂಚಿನ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಕಜ್ಜಿ, ಹುಳುಕಡ್ಡಿ, ತೊನ್ನು, ಕುಷ್ಠದ ಮಚ್ಚೆ, ಸುಟ್ಟ ಗಾಯ ಎಲ್ಲವನ್ನೂ ಅವರ ಕೈಕೆಳಗೇ ಕಲಿತೆವು. ಹತ್ತಿಯ ಎಳೆಯೊಂದನ್ನು ಮಚ್ಚೆಯ ಮೇಲೆ ಆಡಿಸಿ, ರೋಗಿಯ ಕಣ್ಣು ಮುಚ್ಚಿಸಿ, ಮುಟ್ಟಿದ್ದು ಗೊತ್ತಾಯಿತೇ ಇಲ್ಲವೇ ಎಂದು ಕೇಳುವುದನ್ನು ಅವರು ಎಷ್ಟು ಮೆಲ್ಲಗೆ ಮಾಡುತ್ತಿದ್ದರೆಂದರೆ, ನಿದ್ದೆ ಹೋದ ಕೂಸಿನ ಮೇಲಿನ ನೊಣ ಓಡಿಸಿದ ಹಾಗಿರುತ್ತಿತ್ತು.

ಮೊದಲ ದಿನವೇ ಅವರು ಹೇಳಿದ್ದು ಇದು: “ರೋಗಿಯ ಹತ್ತಿರ ಹೋದ ಕೂಡಲೇ ಗಾಯ ನೋಡಬೇಡಿ. ಮೊದಲು ಕಣ್ಣು ನೋಡಿ, ಮಾತಾಡಿಸಿ. ಚರ್ಮದ ಕಾಯಿಲೆಯವರು ನಿಮ್ಮ ಕೈ ನೋಡುವುದಿಲ್ಲ, ಮುಖ ನೋಡುತ್ತಾರೆ. ಅಲ್ಲಿ ಹೇಸಿಗೆ ಕಂಡಿತೋ, ಮತ್ತೆ ನೀವು ಏನು ಹಚ್ಚಿದರೂ ಅಷ್ಟೆ.”

ಅದೇನು ಕಷ್ಟ ಅಂದುಕೊಂಡಿದ್ದೆ. ಆಕೆ ಬರುವ ತನಕ.

ಸಿರುಗುಪ್ಪದಿಂದ ಆಕೆಯನ್ನು ಅಕ್ಕಿ ಗಿರಣಿಯವರ ಜೀಪಿನಲ್ಲಿ ಬಾಳೆ ಎಲೆ ಹಾಸಿ ಮಲಗಿಸಿಕೊಂಡು ತಂದಿದ್ದರು. ಗಂಡ ಆ ಗಿರಣಿಯಲ್ಲಿ ಮಶೀನು ನೋಡಿಕೊಳ್ಳುತ್ತಿದ್ದ. ಅವನು ಕೆಲಸಕ್ಕೆ ಹೋಗಿದ್ದಾಗ, ಚಹಾಕ್ಕೆಂದು ಪಂಪಿನ ಸ್ಟೋವ್ ಹಚ್ಚಿದ್ದಾಳೆ, ಅದು ಸಿಡಿದಿದೆ. ಎಡಗಡೆಯ ಮುಖ, ಕುತ್ತಿಗೆ, ಎದೆ, ಎಡಗೈ ಪೂರ್ತಿ ಸುಟ್ಟಿತ್ತು. ನೀರಿನ ಹಂಡೆ ಒಳಗಿನ ಕೋಣೆಯಲ್ಲಿತ್ತಂತೆ. ಆದರೆ ಅಲ್ಲೇ ಕೂಸು ಮಲಗಿತ್ತು. ಹೀಗಾಗಿ ಆಕೆ ಒಳಗೆ ಹೋಗದೆ ಬೀದಿಗೆ ಓಡಿದ್ದಳು. ಇದನ್ನು ಅವಳಾಗಿ ಹೇಳಲಿಲ್ಲ, ಅವಳ ಗಂಡ ವಾರ್ಡಿನ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಅಳುತ್ತಾ ಹೇಳಿದ.

ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಮೊದಲ ಸಲ ಪಟ್ಟಿ ಬಿಚ್ಚಿದಾಗ ಸಿಸ್ಟರ್ ಹೇಳಿದಂತೆ ಕಣ್ಣನ್ನೇ ನೋಡಿದೆ. ಏನು ಮಾತಾಡಬೇಕೋ ತೋಚದೆ, “ತವರುಮನಿ ಯಾವೂರ್ರೀ?” ಅಂದೆ.

“ಕುರುಗೋಡು” ಅಂದಳು. ತುಟಿ ಊದಿಕೊಂಡಿದ್ದರಿಂದ ಅರ್ಧ ಮಾತು ಒಳಗೇ ಉಳಿಯಿತು.

“ನಂದೂ ಕುರುಗೋಡ ಅಕ್ಕಾ” ಅಂದೆ.

ಆವತ್ತಿನಿಂದ ಅವಳ ಡ್ರೆಸ್ಸಿಂಗ್ ನನ್ನ ಪಾಲಿಗೆ ಬಂತು. ಉಪ್ಪುನೀರಿನಲ್ಲಿ ಪಟ್ಟಿ ನೆನೆಸಿ ನೆನೆಸಿ ಬಿಡಿಸುವಾಗ ಆಕೆ ಸೆರಗಿನ ತುದಿ ಕಚ್ಚಿಕೊಳ್ಳುತ್ತಿದ್ದಳು. ನಾನು ಊರಿನ ಸುದ್ದಿ ತೆಗೆಯುತ್ತಿದ್ದೆ. ಗುಡ್ಡದ ಕೆಳಗಿನ ಬಾವಿ, ಸೀತಾಫಲಕ್ಕೆ ಗುಡ್ಡ ಹತ್ತುತ್ತಿದ್ದದ್ದು, ಸಂತೆಯಲ್ಲಿ ಬಳೆ ತೊಡಿಸುತ್ತಿದ್ದ ಮುದುಕಿಯ ಬೈಗಳು. ಒಂದು ದಿನ ಆ ಬಳೆಗಾರ್ತಿ ಮುದುಕಿಯ ಹಾಗೆ ನಾನು ತೆಲುಗಿನಲ್ಲಿ ಬೈದು ತೋರಿಸಿದ್ದಕ್ಕೆ ಆಕೆ ನಕ್ಕಳು. ನಕ್ಕಿದ್ದರಿಂದ ಕೆನ್ನೆ ಬಿರಿದು ರಕ್ತ ಬಂತು. ಸಿಸ್ಟರ್ ನನ್ನನ್ನು ಬೈಯಲಿಲ್ಲ. ಹತ್ತಿ ಒತ್ತಿ ಹಿಡಿದು, “ನಗಲಿ ಬಿಡು” ಅಂದರು.

ಡಾಕ್ಟರು ತೊಡೆಯಿಂದ ಚರ್ಮ ತೆಗೆದು ಕುತ್ತಿಗೆಗೆ ಹಚ್ಚಿದರು. ಅದು ಹತ್ತುವವರೆಗೆ ತಲೆದಿಂಬಿಲ್ಲದೆ, ಗದ್ದ ಮೇಲೆತ್ತಿ ಮಲಗಬೇಕು. ಇಲ್ಲದಿದ್ದರೆ ಗದ್ದ ಎದೆಗೆ ಅಂಟಿಕೊಂಡುಬಿಡುತ್ತದೆ. ಗಾಯ ಮಾಯ್ದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ತೀಡುವುದು, ಬಾಯಿ ಅಗಲಿಸುವುದು, ಬೆರಳು ಮಡಚಿ ಬಿಚ್ಚುವುದು. ಹೊಸ ಚರ್ಮ ತುರಿಸುತ್ತದೆ, ಕೆರೆದುಕೊಳ್ಳಬಾರದು, ಬಿಸಿಲು ತಾಗಬಾರದು. ಬಳ್ಳಾರಿಯಲ್ಲಿ ಬಿಸಿಲು ತಾಗದಂತೆ ಇರುವುದು ಹೇಗೆ? ಕಿಟಕಿಗೆ ಒದ್ದೆ ಚೀಲ ಕಟ್ಟಿದೆವು. ಎಣ್ಣೆ ಹಚ್ಚುವಾಗ ಬೆರಳಿಗೆ ಎಷ್ಟು ಭಾರ ಕೊಡಬೇಕು ಎಂಬುದನ್ನು ನಾನು ಕಲಿತದ್ದು ಆಕೆಯ ಕೆನ್ನೆಯ ಮೇಲೆಯೇ.

ಮುಖ ತೊಳೆಯುವಲ್ಲಿದ್ದ ಕನ್ನಡಿಯನ್ನು ಸಿಸ್ಟರ್ ಮೊದಲೇ ತೆಗೆಸಿದ್ದರು. ಯಾವಾಗ ತೋರಿಸಬೇಕು ಎಂದು ಅವರೇ ಗೊತ್ತುಮಾಡುವುದಿತ್ತು. ಆ ದಿನ ಬಂದು, ನಾವಿಬ್ಬರೂ ಮಂಚದ ಪಕ್ಕ ಕೂತು ಮಾತಿಗೆ ಪೀಠಿಕೆ ಹಾಕುತ್ತಿದ್ದಾಗ ಆಕೆ, “ಬಕೀಟಿನ ನೀರಾಗ ಎಂದೋ ನೋಡ್ಕೊಂಡೀನ್ರೀ” ಅಂದಳು. “ಕೂಸು ಯಾವಾಗ ಕರ್ಕೊಂಡು ಬರ್ತಾರ, ಅದೊಂದು ಹೇಳ್ರಿ.”

ಕೂಸಿಗೆ ಆಗ ಮೂರು ವರ್ಷ ಇರಬೇಕು. ಸಿರುಗುಪ್ಪದಲ್ಲಿ ಅಜ್ಜಿಯ ಹತ್ತಿರ ಇತ್ತು. ಒಂದು ಭಾನುವಾರ ಗಂಡ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಬೆಳಿಗ್ಗೆಯೇ ಆಕೆ ತಲೆ ಬಾಚಿಸಿಕೊಂಡು, ಇಳಕಲ್ ಸೀರೆ ಉಟ್ಟುಕೊಂಡು ತಯಾರಾಗಿದ್ದಳು. ಸುಡದ ಬಲಗೆನ್ನೆ ಬಾಗಿಲ ಕಡೆಗೆ ಬರುವ ಹಾಗೆ ಮಂಚದ ಮೇಲೆ ಕೂತಿದ್ದಳು. ಆದರೆ ಕೂಸು ಹತ್ತಿರ ಬರುತ್ತಲೇ ತಡೆಯಲಾಗದೆ ಪೂರ್ತಿ ತಿರುಗಿಬಿಟ್ಟಳು.

ಕೂಸು ಚೀರಿದ ರೀತಿಗೆ ಪಕ್ಕದ ವಾರ್ಡಿನವರು ಬಂದು ನಿಂತರು. ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ನಡುಗುತ್ತಿತ್ತು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಚ್ಚಿಕೊಂಡೇ ಮೆಲ್ಲಗೆ, “ಬಂಗಾರಿ, ಚಿನ್ನಮರಿ, ಅವ್ವ ಅದೀನಿ ನೋಡಿಲ್ಲಿ” ಅಂದಳು.

ಕೂಸಿನ ಅಳು ತಟ್ಟನೆ ನಿಂತಿತು. ತಲೆ ಎತ್ತಿತು. ದನಿಯ ಗುರುತು ಸಿಕ್ಕಿತ್ತು. ಬಾಗಿಲ ಕಡೆ ನೋಡಿತು, ಮಂಚದ ಕೆಳಗೆ ನೋಡಿತು, ಪರದೆಯ ಕಡೆಗೆ ಕೈಮಾಡಿ, “ಅಪ್ಪಾ, ಅವ್ವ ಎಲ್ಲದಾಳ?” ಎಂದು ಕೇಳಿತು.

ನಾನು ಔಷಧಿಯ ತಟ್ಟೆ ಹಿಡಿದು ನಿಂತಿದ್ದೆ. ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಕಲಿತದ್ದೆಲ್ಲ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಆಕೆಯೇ ಗಂಡನಿಗೆ, “ಕರ್ಕೊಂಡು ನಡೀರಿ, ಹೆದರ್ಯಾಳ” ಅಂದಳು.

ಆಮೇಲೆ ಗಂಡ ಒಬ್ಬನೇ ಬರುತ್ತಿದ್ದ. ಪೇರಲಹಣ್ಣು ತಂದು ಸ್ಟೂಲಿನ ಮೇಲಿಟ್ಟು ನೆಲ ನೋಡುತ್ತಾ ಕೂರುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಬರುವುದು ಕಡಿಮೆಯಾಗುತ್ತಾ ಬಂತು. ಒಂದು ದಿನ ಅವನ ಬದಲು ಅತ್ತೆ ಬಂದಳು. ನಾನು ಸೊಸೆಯ ಬೆರಳುಗಳಿಗೆ ಎಣ್ಣೆ ತೀಡುತ್ತಿದ್ದೆ. ಮುದುಕಿ ನನ್ನೆದುರಿಗೇ ಮಾತು ಶುರು ಮಾಡಿದಳು.

“ಕೂಸು ರಾತ್ರಿ ಬೆಚ್ಚಿ ಬೆಚ್ಚಿ ಬೀಳ್ತೈತವ್ವಾ. ಅವ್ವ ಎಲ್ಲಿ, ಅವ್ವ ಎಲ್ಲಿ ಅಂತೈತಿ. ಸಾಕಾಗಿ, ಅವ್ವ ದೇವರ ಹತ್ರ ಹೋದ್ಲು ಅಂತ ಹೇಳಿಬಿಟ್ವಿ. ಈಗ ಸುಮ್ಮನಾಗೈತಿ.” ಕಿಟಕಿಯ ಕಡೆ ನೋಡುತ್ತಾ, “ಅವನಿಗೂ ಹೆಣ್ಣು ನೋಡೀವಿ. ನೀ ಹ್ಞೂಂ ಅಂದ್ರ ಮಾತ್ರ” ಅಂದಳು.

ಸಿಟ್ಟಿಗೆ ನಾನು ಏನೋ ಅನ್ನಲು ಬಾಯಿ ತೆರೆದೆ. ಆಕೆ ತನ್ನ ಬೆರಳುಗಳಿಂದ ನನ್ನ ಕೈಯನ್ನು ಒತ್ತಿದಳು. ಮಡಚಲು ಬಾರದ ಬೆರಳುಗಳು, ಆದರೂ ಒತ್ತಿದ್ದು ಗೊತ್ತಾಯಿತು.

“ಕೂಸಿಗೆ ಜಡಿ ಹಾಕಾಕ ಒಬ್ಬಾಕಿ ಬೇಕಲ್ಲತ್ತಿ” ಅಂದಳು. “ಚೊಲೊ ಮನಸಿನಾಕಿ ನೋಡ್ರಿ.”

ಅತ್ತೆ ಹೋದ ಮೇಲೆ ಆಕೆ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಊಟ ಬೇಡ ಅಂದಳು. ಆ ರಾತ್ರಿ ಪಾರ್ವತಿನಗರದ ನನ್ನ ಬಾಡಿಗೆ ಕೋಣೆಯಲ್ಲಿ ಅತ್ತವಳು ನಾನು.

ತವರಿನಲ್ಲಿ ಅಣ್ಣ ಇದ್ದ. ಬಾ ಅಂದ. ಆಕೆ ಹೋಗಿ ಕೆಲವು ದಿನ ಇದ್ದು ಬಳ್ಳಾರಿಗೆ ತಿರುಗಿ ಬಂದಳು. ಅಣ್ಣನ ಮಕ್ಕಳು ಹೆದರುವುದಿಲ್ಲ, ಆದರೆ ಅತ್ತಿಗೆ ಊಟಕ್ಕೆ ಬೇರೆ ಮೂಲೆಯಲ್ಲಿ ಬಡಿಸುತ್ತಾಳೆ ಎಂದು ಒಮ್ಮೆ ಹೇಳಿದಳು, ದೂರಿನಂತೆ ಹೇಳಲಿಲ್ಲ. ಸಿಸ್ಟರ್ ಅವರಿವರ ಕೈಕಾಲು ಹಿಡಿದು ಆಕೆಗೆ ನಮ್ಮ ವಿಭಾಗದಲ್ಲೇ ಆಯಾ ಕೆಲಸ ಕೊಡಿಸಿದರು. ಕೌಲ್ ಬಜಾರಿನಲ್ಲಿ ಒಬ್ಬ ಬೀಬಿಯ ಮನೆಯ ಹಿಂದಿನ ಕೋಣೆ ಸಿಕ್ಕಿತು. ಆ ಬೀಬಿ ಮುಖಕ್ಕೆ ಏನಾಯಿತು ಎಂದು ಕೇಳಲಿಲ್ಲವಂತೆ, “ಖಾನಾ ಹೋಗಯಾ?” ಎಂದು ಊಟ ಆಯಿತೇ ಎಂದಷ್ಟೇ ಕೇಳಿದಳಂತೆ. ಅದಕ್ಕೇ ಅಲ್ಲಿ ನಿಂತಳು.

ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಚುವುದು, ಬೇಸಿನ್ ಕುದಿಸುವುದು, ಪಟ್ಟಿ ಸುತ್ತುವಾಗ ರೋಗಿಯ ಕೈ ಎತ್ತಿ ಹಿಡಿಯುವುದು. ಹೀಗೆ ವರ್ಷಗಳು ಕಳೆದವು. ಹೊಸದಾಗಿ ತರಬೇತಿಗೆ ಬಂದ ಹುಡುಗಿಯರಿಗೆ ಮಾಯ್ದ ಚರ್ಮ ಮುಟ್ಟಿದರೆ ಹೇಗಿರುತ್ತದೆ ಎಂದು ತಿಳಿಯಬೇಕಾದಾಗ ಸಿಸ್ಟರ್ ಆಕೆಯನ್ನು ಕೇಳುತ್ತಿದ್ದರು. ಆಕೆ ಸ್ಟೂಲಿನ ಮೇಲೆ ಕೂತು ಕೆನ್ನೆ ಕೊಡುತ್ತಿದ್ದಳು. “ಹೆದರಬ್ಯಾಡ್ರವ್ವಾ, ಮುಟ್ರಿ” ಅನ್ನುತ್ತಿದ್ದಳು. ಕೆಲವು ಹುಡುಗಿಯರ ಕಣ್ಣಲ್ಲಿ ನೀರು ಬರುತ್ತಿತ್ತು. ಆಗ ಆಕೆಗೆ ಮುಜುಗರವಾಗುತ್ತಿತ್ತು.

ಎಂಬತ್ತರ ಆಚೀಚೆ ಸಾಲೆಗಳಿಗೆ ಹೋಗಿ ಮಕ್ಕಳ ಚರ್ಮ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮಚ್ಚೆ ಇದ್ದವರನ್ನು ಗುರುತಿಸುವುದು, ಕಜ್ಜಿಗೆ ಔಷಧಿ ಹಚ್ಚುವುದು. ಒಂದು ವಾರ ಸಿರುಗುಪ್ಪದ ಸರದಿ. ಹಿಂದಿನ ದಿನ ಔಷಧಿ ಬಾಟಲಿ ತುಂಬಿಸುತ್ತಿದ್ದಾಗ ಆಕೆ ಹತ್ತಿರ ಬಂದು ನಿಂತಳು.

“ಸಿಸ್ಟರಮ್ಮಾ, ನಾನೂ ಬರ್ಲೇನ್ರೀ?”

ನಾನು ಹಿರಿಯ ಸಿಸ್ಟರ್ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕರೆದುಕೊಂಡು ಹೋಗು. ಆದರೆ ಅವಳ ಪಕ್ಕ ಬಿಟ್ಟು ಕದಲಬೇಡ” ಅಂದರು.

ಸಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಬೆಂಚು ಹಾಕಿಕೊಟ್ಟಿದ್ದರು. ದೂರದಲ್ಲಿ ಗಿರಣಿಯ ಸದ್ದು. ಗಾಳಿಯಲ್ಲಿ ಬತ್ತದ ಹೊಟ್ಟು ಹಾರಿ ಬರುತ್ತಿತ್ತು. ನಾನು ಮಕ್ಕಳ ಬೆನ್ನು, ಕೈ, ಕಾಲು ನೋಡಿ ಕಳಿಸುವುದು, ಕಜ್ಜಿ ಇದ್ದವರಿಗೆ ಆಕೆ ಬಿಳಿಯ ಔಷಧಿ ಹಚ್ಚುವುದು. ಸೆರಗನ್ನು ಎಡಗೆನ್ನೆಯ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು. ಮೇಷ್ಟ್ರು ಒಂದೊಂದೇ ಹೆಸರು ಕೂಗುತ್ತಿದ್ದರು. ಮೂರನೆಯ ತರಗತಿಯ ಹುಡುಗಿಯರ ಸಾಲು ಬಂದಾಗ ಆಕೆಯ ಮಗಳ ಹೆಸರು ಕೂಗಿದರು. ಆಕೆಯ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕೆಂಪು ಟೇಪು ಕಟ್ಟಿದ್ದ ಹುಡುಗಿ. ಬೆರಳ ಸಂದಿಯಲ್ಲಿ ಕಜ್ಜಿ ಇತ್ತು. ಇಲ್ಲದಿದ್ದರೂ ಇದೆ ಅನ್ನುತ್ತಿದ್ದೆನೋ ಏನೋ. “ಅಲ್ಲಿ ಹೋಗಿ ಹಚ್ಚಿಸ್ಕೋ” ಅಂದೆ.

ಹುಡುಗಿ ಹೋಗಿ ಎರಡೂ ಕೈ ಚಾಚಿತು. ಆಕೆ ಹೊಸ ಹತ್ತಿ ತೆಗೆದುಕೊಂಡು, ಒಂದೊಂದು ಬೆರಳ ಸಂದಿಗೂ ಹಚ್ಚತೊಡಗಿದಳು.

“ಉರೀತೈತ್ರೀ” ಅಂತು ಹುಡುಗಿ.

“ಸ್ವಲ್ಪ ಉರೀತೈತವ್ವಾ. ಊದ್ತೀನಿ ತಡಿ.”

ದನಿ ಕೇಳಿ ಹುಡುಗಿ ಏನಾದರೂ ತಲೆ ಎತ್ತುತ್ತದೇನೋ ಎಂದು ನಾನು ನೋಡಿದೆ. ಎತ್ತಲಿಲ್ಲ. ಅದರ ಕಣ್ಣು ಆಕೆಯ ಸುಟ್ಟ ಕೈಯ ಮೇಲಿತ್ತು.

“ನಿಮ್ಮ ಕೈಗೇನಾಗೈತ್ರೀ?”

“ಸುಟ್ಟಿತ್ತವ್ವಾ. ಈಗ ಆರಾಮಾಗೈತಿ.”

“ನಮ್ಮ ಮೊದಲಿನ ಅವ್ವನೂ ಸುಟ್ಟುಕೊಂಡಿದ್ಲಂತ. ಆಕಿ ಸತ್ತಾಳ.”

ಆಕೆ ಹಚ್ಚುವುದನ್ನು ನಿಲ್ಲಿಸಲಿಲ್ಲ. “ಹೌದೇನವ್ವಾ” ಅಂದಳು. ಆಮೇಲೆ, “ಈಗ ಮನ್ಯಾಗಿರೋ ಅವ್ವ ಚೊಲೊ ನೋಡ್ಕೋತಾಳೇನು?” ಎಂದು ಕೇಳಿದಳು.

“ನೋಡ್ಕೋತಾಳ್ರೀ. ಈ ಜಡಿ ಆಕೀನ ಹಾಕ್ಯಾಳ.”

“ಚಂದ ಹಾಕ್ಯಾಳ. ನಿನ್ನ ಬಟ್ಟಿ, ಹಾಸಿಗಿ ಎಲ್ಲಾ ಬಿಸಿನೀರಾಗ ಕುದಿಸಾಕ ಹೇಳು ಆಕಿಗೆ. ಮತ್ತ ಈ ಔಷಧ ಮೂರು ದಿನ ಹಚ್ಚಾಕ ಹೇಳು. ಹೇಳ್ತೀಯಲ್ಲ?”

ಹುಡುಗಿ ತಲೆಯಾಡಿಸಿ, ಬಾಟಲಿ ಹಿಡಿದುಕೊಂಡು ಗೆಳತಿಯರ ಹತ್ತಿರ ಓಡಿತು. ಮೇಷ್ಟ್ರು ಮುಂದಿನ ಹೆಸರು ಕೂಗಿದರು. ಸಾಲಿನಲ್ಲಿ ಇನ್ನೂ ಬಹಳ ಮಕ್ಕಳಿದ್ದರು. ಎಲ್ಲರಿಗೂ ಅಷ್ಟೇ ನಿಧಾನವಾಗಿ ಹಚ್ಚಿದಳು.

ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಕೂತಳು, ಬಿಚ್ಚಲಿಲ್ಲ. ಬಳ್ಳಾರಿ ಹತ್ತಿರ ಬಂದಾಗ, “ಅವರಪ್ಪನ ಹಣಿ ಬಂದೈತಿ. ಕೈ ಮಾತ್ರ ನನ್ನವು” ಅಂದಳು. ಇನ್ನೊಂದು ಮಾತನ್ನೂ ಹೇಳಿದಳು: “ಇನ್ನ ನನ್ನ ಸಿರುಗುಪ್ಪಕ್ಕ ಕರೀಬ್ಯಾಡ್ರಿ. ಕರದ್ರ ಬಂದುಬಿಡ್ತೀನಿ.”

ಮರುವರ್ಷ ನಾನು ಕರೆಯಲಿಲ್ಲ. ನಾನೇ ಹೋಗಿ ಕೇಳಿದಾಗ, ಆ ಮನೆಯವರು ರಾಯಚೂರು ಕಡೆ ಬೇರೆ ಗಿರಣಿಗೆ ಹೋದರು ಎಂದು ಮೇಷ್ಟ್ರು ಹೇಳಿದರು. ಬಂದು ತಿಳಿಸಿದೆ. ಆಕೆ ಗಾಜ್ ಬಟ್ಟೆ ಮಡಚುತ್ತಿದ್ದಳು. “ಹುಡುಗಿ ಓದಾಕತ್ತೈತಂತ?” ಎಂದಷ್ಟೇ ಕೇಳಿದಳು. ಓದುತ್ತಿದೆಯಂತೆ ಅಂದೆ. ನನಗದು ಗೊತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಆಕೆಗೆ ಕಾಮಾಲೆಯಾಯಿತು. ಹೊಟ್ಟೆಗೆ ನೀರು ಸಹ ನಿಲ್ಲುತ್ತಿರಲಿಲ್ಲ. ಬೀಬಿ ದಿನವೂ ಕೌಲ್ ಬಜಾರಿನಿಂದ ಗಂಜಿ ತರುತ್ತಿದ್ದಳು. ನಮ್ಮದೇ ಆಸ್ಪತ್ರೆಯಲ್ಲಿ, ನಾನು ಬೇರೊಂದು ವಾರ್ಡಿಗೆ ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟಳು. ಕೊನೆಯ ಸ್ನಾನ ಮಾಡಿಸಿದವರು ನಾನು ಮತ್ತು ಬೀಬಿ. ಅಣ್ಣ ಬಂದು ಕುರುಗೋಡಿಗೆ ಒಯ್ದ. ನಾನೂ ಜೊತೆಗೆ ಹೋದೆ.

ಮಣ್ಣಾದ ಮೇಲೆ, ಮಗಳಿಗೆ ಹೇಗಾದರೂ ಸುದ್ದಿ ಮುಟ್ಟಿಸೋಣವೇ ಎಂದು ಅಣ್ಣನನ್ನು ಕೇಳಿದೆ. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. “ಏನಂತ ಮುಟ್ಟಿಸೋಣ್ರೀ ಸಿಸ್ಟರಮ್ಮಾ? ಆ ಕೂಸು ಅವ್ವಗ ಒಮ್ಮೆ ಅತ್ತು ಮುಗಿಸೈತಿ” ಅಂದ.

ಸಂಜೆಯ ಬಸ್ಸಿಗೆ ಬಳ್ಳಾರಿಗೆ ಹೊರಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ನೋಡಿ ನೋಡಿ, “ಯಾರು ಹೋದ್ರವ್ವಾ?” ಎಂದು ಕೇಳಿದಳು.

“ನಮ್ಮಕ್ಕ” ಅಂದೆ. ಆ ಹೆಂಗಸು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು.